ಮೀನಿನ ಪಾಠ ಮಾಡ್ಬೇಕಂದ್ರೆ ಮೊದ್ಲು ನೀರು ನೋಡ್ಬೇಕು

ನಮ್ಮ ತೀರ್ಥಹಳ್ಳಿ ಕಡೆ ಮಕ್ಕಳಿಗೆ ಮೀನಿನ ಬಗ್ಗೆ ಹೊಸದಾಗಿ ಹೇಳ್ಕೊಡೋಕೆ ಏನಿದೆ ಅಂತ ಯಾರಿಗಾದ್ರೂ ಅನ್ಸತ್ತೆ. ಯಾವ ಹಳ್ಳದ ಯಾವ ಗುಂಡೀಲಿ ಮುರುಗೋಡು ಮೀನು ಕೂತಿರತ್ತೆ, ಕೂಣಿನ, ಅಂದ್ರೆ ಮೀನು ಒಳಗೆ ಸಿಕ್ಕಿಬೀಳೋ ಬುಟ್ಟೀನ, ಯಾವ ಕಡೆ ಬಾಯಿ ಮಾಡಿ ಇಡ್ಬೇಕು, ಗಾಳಕ್ಕೆ ಎರೆಹುಳ ಹೇಗೆ ಚುಚ್ಚಬೇಕು, ಇದೆಲ್ಲ ಏಳನೇ ಕ್ಲಾಸಿನ ಹುಡುಗರು ನಮಗೇ ಹೇಳ್ಕೊಡ್ತಾರೆ. ಆದ್ರೆ ಅದೇ ಮಕ್ಕಳು ಒಂಬತ್ತನೇ ಕ್ಲಾಸಿಗೆ ಬಂದು ವಿಜ್ಞಾನದಲ್ಲಿ ಮಿಶ್ರ ಮೀನು ಸಾಕಣೆ ಅಂತ, ಒಂದೇ ನೀರಲ್ಲಿ ಬೇರೆಬೇರೆ ಮಟ್ಟದಲ್ಲಿ ತಿನ್ನೋ ಮೀನುಗಳನ್ನ ಒಟ್ಟಿಗೆ ಸಾಕೋದರ ಬಗ್ಗೆ ಒಂದು ಸಣ್ಣ ಭಾಗ ಬರತ್ತಲ್ಲ, ಅಲ್ಲಿ ಕಾಟ್ಲಾ ಮೇಲೆ, ರೋಹು ಮಧ್ಯ, ಮೃಗಾಲ್ ತಳ ಅಂತ ಬಾಯಿಪಾಠ ಮಾಡಿ ಎರಡು ಮಾರ್ಕ್ಸಿಗೆ ಬರೆದು ಮುಗಿಸ್ತಾರೆ, ಹಳ್ಳದ ಮೀನಿಗೂ ಪುಸ್ತಕದ ಮೀನಿಗೂ ಸಂಬಂಧವೇ ಇಲ್ಲದ ಹಾಗೆ. ಇದು ನಂಗೆ ತುಂಬಾ ಬೇಜಾರಾಗೋ ವಿಷಯ, ಯಾಕಂದ್ರೆ ಇಷ್ಟು ನೀರು, ಇಷ್ಟು ಕೆರೆ, ಮನೆಮನೆಗೂ ತೋಟ ಇರೋ ಊರಲ್ಲಿ ಈ ಪಾಠನ ಗೋಡೆ ಒಳಗೆ ಮಾಡಿ ಮುಗಿಸಿದ್ರೆ ಮಕ್ಕಳಿಗೆ ನಾವು ಅನ್ಯಾಯ ಮಾಡಿದ ಹಾಗೆ.

ನಾನು ಈ ಪಾಠನ ಮೀನಿಂದ ಶುರು ಮಾಡಲ್ಲ, ನೀರಿನ ಬಣ್ಣದಿಂದ ಶುರು ಮಾಡ್ತೀನಿ. ಕೆರೆ ಹತ್ರ ಹೋಗಿ ಮೆಟ್ಟಿಲ ಮೇಲೆ ಕೂತು ತೋಳನ್ನ ಮೊಣಕೈವರೆಗೆ ನೀರೊಳಗೆ ಇಳಿಸಿ ಅಂಗೈ ಕಾಣತ್ತಾ ನೋಡ್ಬೇಕು. ಅಂಗೈ ಚೆನ್ನಾಗಿ ಕಾಣ್ತಾ ಇದ್ರೆ ನೀರು ತಿಳಿ, ಮೀನಿಗೆ ಅಲ್ಲಿ ಊಟ ಕಮ್ಮಿ. ನೀರು ಹಸಿರಾಗಿದ್ದು ಮೊಣಕೈ ಮುಳುಗೋ ಹೊತ್ತಿಗೆ ಅಂಗೈ ಮಾಯ ಆದ್ರೆ ಅದು ಮೀನು ಸಾಕೋರು ಹುಡುಕೋ ನೀರು. ಕೈ ಸ್ವಲ್ಪ ಇಳಿಸೋದ್ರೊಳಗೇ ಕಾಣದೇ ಹೋದ್ರೆ ಪಾಚಿ ಅತಿಯಾಗಿದೆ ಅಂತ. ಮೀನು ಸಾಕೋ ರೈತರು ಮಾಡೋದೂ ಇದನ್ನೇ. ಇದನ್ನೇ ಇನ್ನೂ ಸರಿಯಾಗಿ ಅಳೀಬೇಕಂದ್ರೆ ಒಂದು ಹಳೇ ಸ್ಟೀಲ್ ತಟ್ಟೆ ತಗೊಂಡು ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಪೇಂಟ್ ಹೊಡ್ದು, ಮಧ್ಯ ತೂತು ಮಾಡಿ ಅಳತೆ ಗಂಟು ಹಾಕಿದ ಹಗ್ಗ ಕಟ್ಟಿ ಇಳಿಸೋದು, ಸೆಕ್ಕಿ ಡಿಸ್ಕ್ ಅಂದ್ರೆ ಇಷ್ಟೇ. ತಟ್ಟೆ ಕಣ್ಮರೆ ಆಗೋ ಆಳ 30ರಿಂದ 40 ಸೆಂಟಿಮೀಟರ್ ಇದ್ರೆ ಒಳ್ಳೇದು. ಮಕ್ಕಳಿಗೆ ಇದು ಮಾಡೋಕೆ ಎಷ್ಟು ಖುಷಿ ಅಂದ್ರೆ ಶಾಲೆ ಪಕ್ಕದ ಕೆರೆ ಆಯ್ತು, ದೇವಸ್ಥಾನದ ಕಲ್ಯಾಣಿ ಆಯ್ತು, ತೋಟದ ಹೊಂಡ ಆಯ್ತು, ಎಲ್ಲದಕ್ಕೂ ತಟ್ಟೆ ಇಳಿಸಿ ಬರ್ಕೊಂಡು ಬರ್ತಾರೆ.

ಆಮೇಲೆ ಆ ಹಸಿರು ಏನು ಅಂತ ನೋಡೋದು. ಹಳೇ ವೇಲ್ ಬಟ್ಟೇನ ಕೊಳವೆ ಥರ ಹೊಲಿದು ತುದೀಗೆ ಸಣ್ಣ ಬಾಟ್ಲಿ ಕಟ್ಟಿ ಕೆರೆ ನೀರನ್ನ ಬಕೆಟ್ಟಲ್ಲಿ ತುಂಬ್ತುಂಬಿ ಅದರ ಮೂಲಕ ಸುರಿದ್ರೆ ಕೊನೇಗೆ ಬಾಟ್ಲೀಲಿ ಒಂದಿಷ್ಟು ಮಂದ ನೀರು ಉಳಿಯತ್ತೆ. ಅದರ ಒಂದು ಹನಿ ಶಾಲೆ ಮೈಕ್ರೋಸ್ಕೋಪಿನ ಕೆಳಗೆ ಇಟ್ರೆ ಸಾಕು, ಆ ಪೀರಿಯಡ್ ಮುಗಿಯೋದೇ ಗೊತ್ತಾಗಲ್ಲ. ಡಾಫ್ನಿಯಾ ಅಂತ ಒಂದು ಜೀವಿ ಇದೆ, ಸಾಸಿವೆಗಿಂತ ಸಣ್ಣದು, ಮೈ ಪೂರ್ತಿ ಪಾರದರ್ಶಕ. ಅದರ ಬೆನ್ನಿನ ಕಡೆ ಹೃದಯ ಪಟಪಟ ಅಂತ ಬಡ್ಕೊಳ್ಳೋದು ಕಣ್ಣಾರೆ ಕಾಣತ್ತೆ, ಹೊಟ್ಟೇಲಿರೋ ಹಸಿರು ಗೆರೆ ಅದು ತಿಂದ ಪಾಚಿ, ಅದರ ಹಿಂದೆ ಚೀಲದಲ್ಲಿ ಗುಂಡಗೆ ಮೊಟ್ಟೆಗಳು. ಒಬ್ಬ ಹುಡುಗಿ ಬಗ್ಗಿ ನೋಡ್ತಾ "ಮೇಡಂ, ಇದು ಉಸಿರು ಕಟ್ಟಿ ಓಡ್ತಾ ಇದೆ" ಅಂದ್ಲು, ಹೃದಯದ ವೇಗ ನೋಡಿ. ಪಾಚಿ ತಿನ್ನೋದು ಇದು, ಇದನ್ನ ತಿನ್ನೋದು ಕಾಟ್ಲಾ, ಕಾಟ್ಲಾನ ತಿನ್ನೋದು ನಾವು, ಸೂರ್ಯನಿಂದ ತಟ್ಟೆವರೆಗಿನ ದಾರಿ ಆ ಒಂದು ಹನೀಲಿ ಸಿಗತ್ತೆ. ಪ್ರತಿ ಮೆಟ್ಟಿಲಲ್ಲೂ ಸುಮಾರು ಹತ್ತರಲ್ಲಿ ಒಂದು ಭಾಗ ಶಕ್ತಿ ಮಾತ್ರ ಮುಂದಕ್ಕೆ ಹೋಗತ್ತೆ, ಅಂದ್ರೆ 1000 ಕೆಜಿ ಪಾಚಿಗೆ 100 ಕೆಜಿ ಸಣ್ಣ ಜೀವಿ, ಅದಕ್ಕೆ 10 ಕೆಜಿ ಮೀನು ಅನ್ನೋ ಲೆಕ್ಕ ಬೋರ್ಡ್ ಮೇಲೆ ಹಾಕಿದ್ರೆ ಆಗ ಮಕ್ಕಳೇ ಕೇಳ್ತಾರೆ, ಹಾಗಾದ್ರೆ ಮೀನನ್ನೇ ತಿನ್ನೋ ಮೀನು ಸಾಕಿದ್ರೆ ಇನ್ನೂ ನಷ್ಟ ಅಲ್ವಾ ಅಂತ.

ಹೌದು, ಅಲ್ಲೇ ವಿಷಯ ಇರೋದು. ಕಾಟ್ಲಾ, ರೋಹು, ಮೃಗಾಲ್ ಥರದ ಗೆಂಡೆ ಮೀನುಗಳು ಸರಪಳೀಲಿ ಕೆಳಗಡೆ ಇರೋವು, ಕೆರೇಲೇ ಹುಟ್ಟೋ ಊಟ ತಿಂತಾವೆ, ಮೇಲಿಂದ ಅಕ್ಕಿ ತೌಡು ಕಡ್ಲೆ ಹಿಂಡಿ ಸಮಸಮ ಕಲ್ಸಿ ಕೊಟ್ರೆ ನಡೆಯತ್ತೆ. ಮಾಂಸ ತಿನ್ನೋ ಮೀನು, ಸೀಗಡಿ ಅಂತ ಹೋದ್ರೆ ಅದರ ಫೀಡಿಗೆ ಮೀನಿನ ಹುಡಿ ಬೇಕು, ಆ ಹುಡಿ ಬರೋದು ಬೂತಾಯಿ ಥರದ ಸಮುದ್ರದ ಸಣ್ಣ ಮೀನಿಂದ. ನಮ್ಮನೆಗಳಿಗೆ ಆಗುಂಬೆ ಘಾಟಿ ಹತ್ತಿ ಐಸಲ್ಲಿ ಬರೋದೂ ಅದೇ ಬೂತಾಯಿ, ಅದೇ ಬಂಗುಡೆ. ಜನ ನೇರವಾಗಿ ತಿನ್ನೋ ಮೀನನ್ನ ಹುಡಿ ಮಾಡಿ ಇನ್ನೊಂದು ಮೀನಿಗೆ ತಿನ್ಸಿ ಬೆಳ್ಸೋದು ಎಲ್ಲಿವರೆಗೆ ಸರಿ ಅನ್ನೋ ಪ್ರಶ್ನೆ ಹದಿನಾಲ್ಕು ವರ್ಷದ ಮಕ್ಕಳಿಗೆ ಪೂರ್ತಿ ಅರ್ಥ ಆಗತ್ತೆ, ದೊಡ್ಡೋರಿಗಿಂತ ಬೇಗ ಆಗತ್ತೆ. 2022ರಲ್ಲಿ ಮೊದಲನೇ ಸಲ ಇಡೀ ಪ್ರಪಂಚದಲ್ಲಿ ಸಮುದ್ರ ನದಿಗಳಿಂದ ಹಿಡಿದ ಮೀನು ಸೀಗಡಿಗಿಂತ ಸಾಕಿ ಬೆಳೆಸಿದ್ದೇ ಜಾಸ್ತಿ ಆಯ್ತು, ನಮ್ಮ ದೇಶದಲ್ಲಿ 2022-23ರಲ್ಲಿ ಸಿಕ್ಕ ಸುಮಾರು 175 ಲಕ್ಷ ಟನ್ ಮೀನಲ್ಲಿ 131 ಲಕ್ಷ ಟನ್ ಒಳನಾಡಿಂದು. ಅಂದ್ರೆ ಮುಂದೆ ಈ ಮಕ್ಕಳು ತಿನ್ನೋ ಮೀನು ಹೇಗೆ ಬೆಳೀಬೇಕು ಅನ್ನೋದು ಸಮುದ್ರಕ್ಕಿಂತ ಕೆರೆ ಹೊಂಡಗಳಲ್ಲೇ ಜಾಸ್ತಿ ತೀರ್ಮಾನ ಆಗತ್ತೆ.

ಕಾಟ್ಲಾ ಮೇಲೆ, ರೋಹು ಮಧ್ಯ, ಮೃಗಾಲ್ ತಳ ಅನ್ನೋದನ್ನ ಬಾಯಿಪಾಠ ಮಾಡ್ಸೋ ಅವಶ್ಯಕತೆನೇ ಇಲ್ಲ. ಸಂತೆಯಿಂದ ಮೂರೂ ಮೀನು ತಂದು ಟ್ರೇಲಿ ಪಕ್ಕಪಕ್ಕ ಮಲಗ್ಸಿ ಬಾಯಿ ನೋಡಿ ಅಂದ್ರೆ ಆಯ್ತು. ಕಾಟ್ಲಾದ ಕೆಳದವಡೆ ಮುಂದಕ್ಕೆ ಬಂದು ಬಾಯಿ ಮೇಲ್ಮುಖ, ತಲೆ ದಪ್ಪ. ಮೃಗಾಲ್ ಬಾಯಿ ಕೆಳಗೆ ತಿರುಗಿದೆ, ಕೆಸರು ಕೆದಕಿ ತಿನ್ನೋಕೆ. ರೋಹು ತುಟಿ ಅಂಚಲ್ಲಿ ಸಣ್ಣ ಸಣ್ಣ ಎಳೆ ಇರೋದನ್ನ ಬೆರಳಲ್ಲಿ ಸವರಿ ನೋಡ್ಬಹುದು. ಮೂರೂ ಒಂದೇ ನೀರಲ್ಲಿದ್ರೂ ಊಟಕ್ಕೆ ಜಗಳ ಆಡಲ್ಲ ಯಾಕೆ ಅಂತ ಆಗ ಯಾರೂ ಹೇಳ್ಕೊಡ್ಬೇಕಿಲ್ಲ, ನೂರು ಮರೀಲಿ 40 ಕಾಟ್ಲಾ, 30 ರೋಹು, 30 ಮೃಗಾಲ್ ಅಂತ ಬಿಡೋ ಲೆಕ್ಕನೂ ತಾನಾಗೇ ಕೂರತ್ತೆ. ಒಂದು ಹುರುಪೆ ಕಿತ್ತು ಮೈಕ್ರೋಸ್ಕೋಪಲ್ಲಿ ಇಟ್ರೆ ಮೀನು ಬೆಳೆದ ಹಾಗೇ ಬಿದ್ದಿರೋ ಉಂಗುರಗಳೂ ಕಾಣ್ತಾವೆ.

ಕ್ಲಾಸಲ್ಲಿ ಮೀನು ತಿನ್ನದ ಮನೆ ಮಕ್ಕಳು ಇದ್ದೇ ಇರ್ತಾರೆ ನಮ್ಮ ಕಡೆ. ಅವರನ್ನ ಟ್ರೇ ಹತ್ರ ಒತ್ತಾಯ ಮಾಡಿ ಕರಿಯೋದು ತಪ್ಪು ಅಂತ ನನ್ನ ಅಭಿಪ್ರಾಯ. ಅವ್ರಿಗೆ ನೀರಿನ ಲೆಕ್ಕ, ಪಿಎಚ್ ಅನ್ನೋ ಹುಳಿ ಅಳತೆ, ತಟ್ಟೆ ಅಳತೆ, ಪಾಚಿ ನೋಡೋದು ಕೊಡಿ, ಅದು ಈ ಪಾಠದ ಅರ್ಧಕ್ಕಿಂತ ಜಾಸ್ತಿ ಭಾಗ, ಕಮ್ಮಿ ಅಲ್ಲ. ಮತ್ತೆ ಅಡಿಕೆ ತೋಟಕ್ಕೆ ಮೀನಿನ ಹೊಂಡದ ನೀರು ಬಿಟ್ರೆ ಗೊಬ್ಬರದ ಅಂಶನೂ ಜೊತೆಗೆ ಹೋಗತ್ತೆ, ಅದು ಯಾರ ಮನೆಗಾದ್ರೂ ಬೇಕಾದ ವಿಷಯ.

ನಮ್ಮ ಮಣ್ಣು ಜಂಬಿಟ್ಟಿಗೆ ಮಣ್ಣು, ಹುಳಿ ಗುಣ ಜಾಸ್ತಿ, ಹೊಂಡದ ನೀರಿನ ಪಿಎಚ್ 7ಕ್ಕಿಂತ ಕೆಳಗೆ ಇಳಿದಿರೋದು ಪೇಪರ್ ಪಟ್ಟಿ ಅದ್ದಿದ ತಕ್ಷಣ ಗೊತ್ತಾಗತ್ತೆ. ಅದಕ್ಕೇ ಇಲ್ಲಿ ಮೀನು ಬಿಡೋ ಮೊದಲು ಸುಣ್ಣ ಹಾಕೋದು. ಗಾಳಿ ಲೆಕ್ಕನೂ ಹಾಗೇ, ಅಕ್ವೇರಿಯಂ ಅಂಗಡೀಲಿ ಹನಿ ಹಾಕಿ ಬಣ್ಣ ನೋಡೋ ಆಮ್ಲಜನಕದ ಕಿಟ್ ಸಿಗತ್ತೆ, ಒಂದೇ ಹೊಂಡದ ನೀರನ್ನ ಸೂರ್ಯ ಹುಟ್ಟೋ ಮುಂಚೆ ಒಂದ್ಸಲ, ಮಧ್ಯಾಹ್ನ ಮೂರಕ್ಕೆ ಒಂದ್ಸಲ ನೋಡ್ಸಿ. ಹಗಲು ಪಾಚಿ ಆಮ್ಲಜನಕ ಮಾಡತ್ತೆ, ರಾತ್ರಿ ಅದೇ ಪಾಚಿ, ಮೀನು, ತಳದ ಕೊಳೆ ಎಲ್ಲ ಸೇರಿ ಖರ್ಚು ಮಾಡ್ತಾವೆ. ಲೀಟರಿಗೆ 5 ಮಿಲಿಗ್ರಾಂ ಮೇಲೆ ಇದ್ರೆ ಗೆಂಡೆ ಮೀನು ಚೆನ್ನಾಗಿರತ್ತೆ, 3ಕ್ಕಿಂತ ಕೆಳಗೆ ಹೋದ್ರೆ ಬೆಳಗಿನ ಜಾವ ಮೇಲೆ ಬಂದು ಬಾಯಿ ಬಾಯಿ ಬಿಡತ್ತೆ. ಮಲೆನಾಡಿನ ಮಳೆಗಾಲದಲ್ಲಿ ದಿನಗಟ್ಟಲೆ ಬಿಸಿಲೇ ಬೀಳಲ್ಲ, ಅಂಥ ಟೈಮಲ್ಲಿ ಪಾಚಿ ಬೆಳೀಲಿ ಅಂತ ಸಗಣಿ ಗೊಬ್ಬರ ಸುರಿದ್ರೆ ಅದು ಕೊಳಿಯೋಕೆ ಆಮ್ಲಜನಕ ಎಳ್ಕೊಳ್ಳತ್ತೆ, ಮಾಡೋಕೆ ಬಿಸಿಲಿಲ್ಲ. ಬಯಲುಸೀಮೆಗೆ ಬರೆದ ಕರಪತ್ರ ನೋಡ್ಕೊಂಡು ನಮ್ಮಲ್ಲಿ ಜುಲೈ ತಿಂಗಳಲ್ಲಿ ಗೊಬ್ಬರ ಹಾಕ್ಬಾರ್ದು ಅನ್ನೋದು ಇದಕ್ಕೇ.

ಇನ್ನು ಮೈಲುತುತ್ತದ ವಿಷಯ, ಇದರ ಬಗ್ಗೆ ಯಾರೂ ಮಾತಾಡಲ್ಲ, ನಂಗೆ ಮಾತ್ರ ಇದೇ ಮುಖ್ಯ ಅನ್ಸತ್ತೆ. ಅಡಿಕೆಗೆ ಕೊಳೆರೋಗ ಬರಬಾರ್ದು ಅಂತ ಮಳೆಗಾಲದಲ್ಲಿ ಬೋರ್ಡೋ ಹೊಡೀಲೇಬೇಕು, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ, ಇದು ನಮ್ಮ ಮಕ್ಕಳಿಗೆ ಮಗ್ಗಿಗಿಂತ ಚೆನ್ನಾಗಿ ಗೊತ್ತು. ಮೈಲುತುತ್ತದಲ್ಲಿರೋದು ತಾಮ್ರ. ಆ ತಾಮ್ರ ನೀರಿಗೆ ಸೇರಿದ್ರೆ ಮೀನಿನ ಕಿವಿರಿಗೆ ಹಿಡ್ಕೊಂಡು ಅದಕ್ಕೆ ಉಸಿರಾಡೋಕೂ ಮೈಯಲ್ಲಿ ಉಪ್ಪಿನಂಶ ಉಳಿಸ್ಕೊಳ್ಳೋಕೂ ಆಗಲ್ಲ, ಅದ್ರಲ್ಲೂ ನಮ್ಮ ಕಡೆ ಥರ ಮೆದು ನೀರು, ಹುಳಿ ನೀರು ಇದ್ದಲ್ಲಿ ಅದರ ವಿಷ ಇನ್ನೂ ಜಾಸ್ತಿ. ಡಾಫ್ನಿಯಾಗಂತೂ ಮೀನಿಗಿಂತ ಮೊದಲೇ ಏಟು ಬೀಳತ್ತೆ. ಒಂದು ವರ್ಷ ಒಬ್ಬ ಹುಡುಗ ಬಂದು ಔಷಧಿ ಹೊಡೆದ ಮಾರನೇ ದಿನ ಅವ್ರ ತೋಟದ ಕೆಳಗಿನ ಹೊಂಡದಲ್ಲಿ ಸಣ್ಣ ಮರಿ ಎಲ್ಲ ಬೆಳ್ಳಗೆ ತೇಲಿದ್ವು ಅಂತ ಹೇಳ್ದ, ಅವ್ರಪ್ಪ ಯಾರೋ ವಿಷ ಹಾಕಿರ್ಬೇಕು ಅಂತ ಪಕ್ಕದ ಮನೆಯವ್ರ ಮೇಲೆ ಅನುಮಾನ ಪಟ್ಟಿದ್ರಂತೆ. ಎಲ್ಲಿ ಡ್ರಮ್ ತೊಳೆದ್ರಿ ಅಂತ ಕೇಳ್ದೆ, ಹೊಂಡದ ಏರಿ ಮೇಲೇ ಅಂದ. ಮತ್ತೇನೂ ಹೇಳೋದು ಬೇಕಾಗ್ಲಿಲ್ಲ, ಹುಡುಗನ ಮುಖ ನೋಡಿದ್ರೆ ಗೊತ್ತಾಗ್ತಿತ್ತು ಅವನಿಗೆ ಅರ್ಥ ಆಗಿದೆ ಅಂತ.

ಔಷಧಿ ಹೊಡೀಬೇಡಿ ಅಂತ ಯಾವ ಮನೆಗೂ ಹೇಳೋಕಾಗಲ್ಲ, ಕೊಳೆ ಬಿದ್ರೆ ವರ್ಷದ ಸಂಸಾರ ಹೋಗತ್ತೆ. ಆದ್ರೆ ದ್ರಾವಣ ಕಲ್ಸೋದು, ಡ್ರಮ್ಮು ಪೈಪು ತೊಳೆಯೋದು ನೀರಿನ ಹತ್ರ ಬೇಡ, ತೋಟದ ಬಸಿಗಾಲುವೆ ನೇರವಾಗಿ ಹೊಂಡಕ್ಕೆ ಬೀಳದ ಹಾಗೆ ತಿರುಗ್ಸಿ, ಮಧ್ಯ ಒಂದಿಷ್ಟು ಹುಲ್ಲು ಬಿಡಿ, ಮರಿ ಬಿಡೋದನ್ನ ಔಷಧಿ ಹೊಡೆದು ಮುಗಿಯೋವರೆಗೆ ತಡೀರಿ, ಇಷ್ಟು ಯಾರಾದ್ರೂ ಮಾಡ್ಬಹುದು. ಇದನ್ನ ನಾನು ಮನೆಮನೆಗೆ ಹೋಗಿ ಹೇಳಿದ್ರೆ ಕೇಳ್ತಾ ಇರ್ಲಿಲ್ಲ, ಮಕ್ಕಳು ಹೇಳಿದ್ದಕ್ಕೆ ಕೆಲವರು ಡ್ರಮ್ ಇಡೋ ಜಾಗನೇ ಬದಲಾಯಿಸಿದಾರೆ.

ಹತ್ತುಮೀನಿನ, ಅಂದ್ರೆ ಮಳೆಗಾಲದಲ್ಲಿ ಹಳ್ಳ ಹತ್ತಿ ಮೇಲೆ ಬರೋ ಮೀನಿನ, ಪಾಠ ಮಾಡೋದು ಎಲ್ಲಕ್ಕಿಂತ ಕಷ್ಟ. ಮುಂಗಾರು ಬಿದ್ದು ಹೊಸ ನೀರು ಹಳ್ಳಕ್ಕೆ ಬಂದ ರಾತ್ರಿ ಬ್ಯಾಟ್ರಿ, ಕತ್ತಿ, ಕೂಣಿ ಹಿಡ್ಕೊಂಡು ಅಪ್ಪ ಚಿಕ್ಕಪ್ಪನ ಜೊತೆ ಹೋಗೋದು ಇಲ್ಲಿನ ಮಕ್ಕಳಿಗೆ ಹಬ್ಬ, ಅದರ ರುಚಿ, ಅದರ ಸಂಭ್ರಮ ನಂಗೂ ಗೊತ್ತು. ಹಾಗಾಗಿ ತಪ್ಪು ಅಂತ ಮೊದಲೇ ಹೇಳಿದ್ರೆ ಮಕ್ಕಳು ಬಾಗಿಲು ಹಾಕ್ಕೊಳ್ತಾರೆ. ನಾನು ಕೇಳೋದು, ಆ ಮೀನು ಯಾಕೆ ಹತ್ತತ್ತೆ? ಹೊಟ್ಟೆ ತುಂಬ ಮೊಟ್ಟೆ ಇಟ್ಕೊಂಡು ಹೊಳೆಯಿಂದ ಹಳ್ಳ, ಹಳ್ಳದಿಂದ ಗದ್ದೆ ಅಂತ ಮೇಲಕ್ಕೆ ಬರೋದು ತೆಳ್ಳಗಿನ ಬೆಚ್ಚಗಿನ ನೀರಲ್ಲಿ ಮರಿಗಳು ಬದುಕ್ಲಿ ಅಂತ. ಒಂದು ಕೆಜಿ ತೂಕದ ಹೆಣ್ಣು ರೋಹುಲಿ ಲಕ್ಷಗಟ್ಟಲೆ ಮೊಟ್ಟೆ ಇರತ್ತೆ, ಅಂಥ ಮೀನು ಮೊಟ್ಟೆ ಇಡೋ ಮುಂಚೆ ಕತ್ತಿಗೆ ಸಿಕ್ಕಿದ್ರೆ ಹೋಗೋದು ಒಂದು ಮೀನಲ್ಲ.

ಇಲ್ಲೇ ಪುಸ್ತಕದ ಪಾಠನೂ ಸೇರ್ಕೊಳ್ಳತ್ತೆ. ಕಾಟ್ಲಾ ರೋಹು ನಿಂತ ಕೆರೇಲಿ ಎಷ್ಟು ದಪ್ಪ ಬೆಳೆದ್ರೂ ಮರಿ ಹಾಕಲ್ಲ, ಅವಕ್ಕೂ ಮಳೆ, ಹರಿಯೋ ಹೊಸ ನೀರು ಬೇಕು. ಮೊದ್ಲೆಲ್ಲ ಹೊಳೆಯಿಂದಲೇ ಮರಿ ಹಿಡಿದು ತರ್ತಿದ್ರು, ಅದ್ರಲ್ಲಿ ಬೇಡದ ಜಾತಿ ಎಲ್ಲ ಸೇರಿರ್ತಿತ್ತು. 1957ರಲ್ಲಿ ಒಡಿಶಾದಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತೆ ಡಾ. ಕೆ.ಎಚ್. ಅಲಿಕುಂಞಿ ಅವರು ಮೀನಿನ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಈ ಗೆಂಡೆಗಳು ಕೊಳದಲ್ಲೇ ಮೊಟ್ಟೆ ಇಡೋ ಹಾಗೆ ಮಾಡಿದ್ರು. ಅದರ ನೆನಪಿಗೇ ಜುಲೈ 10ನೇ ತಾರೀಕು ರಾಷ್ಟ್ರೀಯ ಮೀನು ಕೃಷಿಕರ ದಿನ. ಹತ್ತನೇ ಕ್ಲಾಸಲ್ಲಿ ಹಾರ್ಮೋನು ಪಾಠ ಬರುವಾಗ ಪಿಟ್ಯುಟರಿ ಹೆಸರು ಕೇಳಿದ ತಕ್ಷಣ ನಮ್ಮ ಮಕ್ಕಳಿಗೆ ಮೀನು ನೆನಪಾಗತ್ತೆ. ಭದ್ರಾ ಡ್ಯಾಮಿನ ಹತ್ರ ಇರೋ ಬಿ.ಆರ್. ಪ್ರಾಜೆಕ್ಟಲ್ಲಿ ಮೀನುಮರಿ ಕೇಂದ್ರ ಇದೆ, ಮಳೆಗಾಲದಲ್ಲಿ ಅನುಮತಿ ತಗೊಂಡು ಮಕ್ಕಳನ್ನ ಕರ್ಕೊಂಡು ಹೋಗಿ ಬರೋಕಾದ್ರೆ ನೂರು ಪೀರಿಯಡ್ಡಿಗೆ ಸಮ. ಆದ್ರೆ ಮುರುಗೋಡಿಗೆ, ಕೊರವಕ್ಕೆ, ಹೆಸರೂ ಗೊತ್ತಿಲ್ಲದ ನೂರಾರು ಹಳ್ಳದ ಮೀನಿಗೆ ಇಂಜೆಕ್ಷನ್ ಕೊಡೋರು ಯಾರೂ ಇಲ್ಲ, ಅವಕ್ಕೆ ಇರೋದು ಆ ಕೆಲವು ರಾತ್ರಿ ಮಾತ್ರ.

ಕರಾವಳೀಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯೋ ಹಾಗಿಲ್ಲ, ಮೀನು ಮರಿ ಮಾಡೋ ಕಾಲ ಅಂತ. ಆಗ ನಮ್ಮೂರಿಗೆ ಬರೋ ಮೀನಿನ ಗಾಡಿ ಕಮ್ಮಿ, ರೇಟು ಜಾಸ್ತಿ, ಮನೇಲಿ ಒಣಮೀನು ಕೆಳಗಿಳಿಯತ್ತೆ, ಮಕ್ಕಳಿಗೆ ಇದು ಗೊತ್ತಿರೋದೇ. ಸಮುದ್ರದ ಮೀನಿಗೆ ಎರಡು ತಿಂಗಳು ರಜೆ ಕೊಟ್ಟ ಅದೇ ತಿಂಗಳಲ್ಲಿ ನಾವು ಹಳ್ಳದ ಮೀನು ಹತ್ತೋ ದಾರೀಲೇ ಕೂಣಿ ಇಟ್ಟು ಕಾಯ್ತಾ ಇದೀವಿ ಅನ್ನೋದನ್ನ ಬೋರ್ಡಲ್ಲಿ ಎರಡು ಗೆರೆ ಎಳೆದು ತಿಂಗಳು ಬರೆದು ತೋರಿಸ್ದೆ. ಕ್ಲಾಸು ಸುಮಾರು ಹೊತ್ತು ವಾದ ಮಾಡ್ತು. "ನಮ್ಮಪ್ಪ ತಿನ್ನೋಕಷ್ಟೇ ಹಿಡಿಯೋದು, ಮಾರಲ್ಲ" ಅಂತ ಒಬ್ಬ, "ಎಲ್ರೂ ತಿನ್ನೋಕಷ್ಟೇ ಅಂದ್ರೆ ಎಷ್ಟಾಯ್ತು ಲೆಕ್ಕ ಹಾಕು" ಅಂತ ಇನ್ನೊಬ್ಳು. ಕೊನೇಗೆ ಅವ್ರೇ ಮಾಡ್ಕೊಂಡ ಒಪ್ಪಂದ ಏನಂದ್ರೆ ಮೀನು ಹತ್ತುವಾಗ ಬಿಡೋದು, ಇಳಿಯುವಾಗ ಬೇಕಾದ್ರೆ ಹಿಡಿಯೋದು. ನಂಗೆ ಇದು ಎಷ್ಟೋ ಸರ್ಕಾರಿ ಆದೇಶಕ್ಕಿಂತ ಬುದ್ಧಿವಂತಿಕೆ ಅನ್ಸ್ತು, ಯಾಕಂದ್ರೆ ಮೊಟ್ಟೆ ಇಟ್ಟಾದ್ಮೇಲೆ ಇಳಿಯೋ ಮೀನು ಹಿಡಿಯೋ ಪದ್ಧತಿಗೆ ಬೇಕಾದ ಕೂಣಿ ಮನೇಲಿ ಈಗಾಗ್ಲೇ ಇದೆ, ಬಾಯಿ ತಿರುಗ್ಸಿ ಇಟ್ರಾಯ್ತು.

ಚಿಬ್ಬಲಗುಡ್ಡೆ ಮತ್ಸ್ಯಧಾಮ ನಮ್ಗೆ ಹತ್ರ, ತುಂಗೆಯಲ್ಲಿ ಮಹಶೀರ್ ಮೀನು ದೇವಸ್ಥಾನದ ಮುಂದೆ ಗುಂಪು ಗುಂಪಾಗಿ ಬರೋದನ್ನ ನೋಡದ ಮಕ್ಕಳೇ ಇಲ್ಲ. ಅಲ್ಲಿ ಹೋದಾಗ ಮಂಡಕ್ಕಿ ಎಸೆಯೋದಕ್ಕಿಂತ ಹೊಳೆ ತಳ ನೋಡಿ ಅಂತೀನಿ. ಮಹಶೀರಿಗೆ ಮೊಟ್ಟೆ ಇಡೋಕೆ ಜಲ್ಲಿಕಲ್ಲು ಇರೋ, ಆಮ್ಲಜನಕ ತುಂಬಿದ ಹರಿಯೋ ನೀರು ಬೇಕು, ಮರಳು ಜಲ್ಲಿ ತೆಗೆದು ತಳ ಬಗೆದ್ರೆ ದೇವರ ಮೀನು ಅಂತ ಯಾರೂ ಮುಟ್ಟದಿದ್ರೂ ಅದರ ಸಂತಾನ ಉಳಿಯಲ್ಲ. ಹೊರಗಿನ ಜಾತಿಗಳ ಬಗ್ಗೆನೂ ಅಲ್ಲೇ ಹೇಳ್ತೀನಿ, ಆಫ್ರಿಕನ್ ಕ್ಯಾಟ್‌ಫಿಶ್ ಸಾಕೋದು ನಮ್ಮ ದೇಶದಲ್ಲಿ ನಿಷೇಧ, ಬೇಗ ಬೆಳೆಯತ್ತೆ ಅಂತ ಹೊಂಡಕ್ಕೆ ತಂದು ಬಿಟ್ಟಿದ್ದು ಒಂದು ದೊಡ್ಡ ಮಳೇಲಿ ಕೋಡಿ ಬಿದ್ರೆ ತುಂಗೆಗೇ ಸೇರೋದು, ಆಮೇಲೆ ವಾಪಸ್ ಹಿಡಿಯೋಕೆ ಯಾರಿಂದನೂ ಆಗಲ್ಲ.

ಈ ಪಾಠ ಮಾಡೋಕೆ ಹೊರಡೋ ಮೇಷ್ಟ್ರು ಮೇಡಂಗಳಿಗೆ ಒಂದೇ ಒಂದು ಮಾತು. ಪ್ಲಾಸ್ಟಿಕ್ ಹೊದಿಸಿದ ಕೃಷಿ ಹೊಂಡದ ಹತ್ರ ಮಕ್ಕಳನ್ನ ದಯವಿಟ್ಟು ಕರ್ಕೊಂಡು ಹೋಗ್ಬೇಡಿ, ಒಳಗೆ ಜಾರಿದ್ರೆ ಈಜು ಬರೋರಿಗೂ ಮೇಲೆ ಹತ್ತೋಕಾಗಲ್ಲ. ಮೆಟ್ಟಿಲಿರೋ ಕೆರೆ, ಹಗ್ಗ, ಗಾಳಿ ತುಂಬಿದ ಟ್ಯೂಬು, ಈಜು ಬರೋ ಇಬ್ರು ದೊಡ್ಡೋರು, ಇಷ್ಟಿಲ್ಲದೇ ಹೋಗೋದೇ ಬೇಡ, ನೀರನ್ನ ಬಕೆಟ್ಟಲ್ಲಿ ತರ್ಸಿ ಅಂಗಳದಲ್ಲಿ ಪಾಠ ಮಾಡಿ, ಡಾಫ್ನಿಯಾ ಅಲ್ಲೂ ಸಿಗತ್ತೆ.

ಈಗ ನಮ್ಮ ಮಕ್ಕಳು ಒಂದು ನಕ್ಷೆ ಮಾಡ್ತಾ ಇದಾರೆ. ಅಜ್ಜಂದಿರ ಹತ್ರ ಕೇಳಿ ಮೊದಲು ಯಾವ ಯಾವ ಗದ್ದೆಗೆ ಮೀನು ಹತ್ತಿ ಬರ್ತಿತ್ತು, ಈಗ ಯಾವ ಗದ್ದೆ ಅಡಿಕೆ ತೋಟ ಆಗಿದೆ, ಎಲ್ಲಿ ಹಳ್ಳಕ್ಕೆ ಮೋರಿ ಬಂದಿದೆ ಅಂತ ಗುರುತು ಹಾಕೋದು. ಗದ್ದೆ ತೋಟ ಆಗಿದ್ದನ್ನ ನಾವು ಬದಲಾಯಿಸೋಕಾಗಲ್ಲ, ಆದ್ರೆ ಮೋರಿ ವಿಷಯದಲ್ಲಿ ಮಕ್ಕಳು ಕಂಡು ಹಿಡಿದಿದ್ದು ದೊಡ್ಡದು. ರಸ್ತೆ ಕೆಳಗಿನ ಸಿಮೆಂಟ್ ಪೈಪು ಹಳ್ಳದ ತಳಕ್ಕಿಂತ ಎತ್ತರದಲ್ಲಿ ಕೂತು ನೀರು ಕೆಳಗೆ ಧುಮುಕ್ತಾ ಇದ್ರೆ ಸಣ್ಣ ಮೀನಿಗೆ ಅಲ್ಲಿಂದ ಮುಂದೆ ದಾರಿ ಇಲ್ಲ, ಅದರ ಬುಡದಲ್ಲಿ ಗುಂಪುಗಟ್ಟಿ ನಿಲ್ಲತ್ತೆ, ಹಿಡಿಯೋರಿಗೂ ಅಲ್ಲೇ ಸುಲಭ. ಅಂಥ ಮೋರಿಗಳ ಪಟ್ಟಿ ಮಾಡಿ, ಮುಂದಿನ ಸಲ ರಿಪೇರಿ ಮಾಡುವಾಗ ಪೈಪಿನ ತಳ ಹಳ್ಳದ ತಳಕ್ಕೆ ಸಮ ಇರ್ಲಿ, ಅಲ್ಲಿವರೆಗೆ ಕಲ್ಲು ಜೋಡ್ಸಿ ಮೆಟ್ಟಿಲು ಥರ ಮಾಡಿಕೊಡಿ ಅಂತ ಗ್ರಾಮ ಪಂಚಾಯ್ತಿಗೆ ಅರ್ಜಿ ಬರೀತಾ ಇದೀವಿ, ಅರ್ಜಿಯ ಜೊತೆ ನಕ್ಷೆನೂ ಫೋಟೋನೂ ಇರತ್ತೆ, ಮಕ್ಕಳ ಗ್ರಾಮಸಭೇಲಿ ಓದೋದು ಅದೇ ಹುಡುಗ, ಡ್ರಮ್ ತೊಳೆದ ಮನೆಯವ್ನು.